ಸುಣ್ಣದ ಗೆರೆ ಇಲ್ಲದ ಗಡಿಗೆ

ನಮ್ಮ ನೀರಿನ ಕೋಣೆಗೆ ಬಾಗಿಲಿರಲಿಲ್ಲ. ಅಡುಗೆಮನೆಗೂ ನಡುಮನೆಗೂ ಮಧ್ಯೆ, ಬೆಳಕಿಂಡಿ ಕೂಡ ಇಲ್ಲದ, ಎರಡು ಹೆಜ್ಜೆ ಅಗಲದ ಜಾಗ ಅದು. ಗೋಡೆಯ ಉದ್ದಕ್ಕೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಸಾಲಾಗಿ ಐದು ಮಣ್ಣಿನ ಗಡಿಗೆಗಳು. ಅವುಗಳಲ್ಲಿ ಸಿಹಿನೀರು. ಕೆಳಗೆ ನೆಲದ ಮೇಲೆ ತಾಮ್ರದ ಹಂಡೆ, ಅದರಲ್ಲಿ ಹಿತ್ತಲ ಬಾವಿಯ ಸವಳು ನೀರು. ಸವಳು ನೀರಲ್ಲಿ ಪಾತ್ರೆ ಬೆಳಗಬಹುದು, ಮೈ ತೊಳೆಯಬಹುದು, ಬೇಳೆ ಮಾತ್ರ ಬೇಯುವುದಿಲ್ಲ. ಧರ್ಮಪುರದಿಂದ ಆಚೆಗೆ ನಮ್ಮ ಕಡೆಯ ಬಾವಿಗಳೆಲ್ಲ ಹೀಗೇ, ಬಾಯಿಗಿಟ್ಟರೆ ಉಪ್ಪುಪ್ಪು. ಸಿಹಿನೀರು ಬೇಕೆಂದರೆ ಒಂದು ಮೈಲಿ ನಡೆದು ಹಳೇ ಕೆರೆ ಏರಿಯ ಕೆಳಗಿನ ಬಾವಿಗೆ ಹೋಗಬೇಕು. ಅವ್ವ ಮತ್ತು ನನ್ನ ಅಕ್ಕ ಗೌರಕ್ಕ ಹೊತ್ತು ಮೂಡುವ ಮುಂಚೆ ಹೊರಟು ಮೂರು ಸಲ ಹೋಗಿ ಬಂದರೆ ಐದೂ ಗಡಿಗೆ ತುಂಬುತ್ತಿದ್ದವು. ಮಣ್ಣಿನ ಗಡಿಗೆಗೆ ಒಂದು ಗುಣವಿದೆ. ಒಳಗೆ ನೀರು ಎಲ್ಲಿಯವರೆಗಿದೆಯೋ ಹೊರಗೂ ಅಲ್ಲಿಯವರೆಗೇ ಬೆವರುತ್ತದೆ. ಅಪ್ಪ ಅದನ್ನು ಕಂಡುಕೊಂಡಿದ್ದ. ಸಂಜೆ ಊಟವಾದ ಮೇಲೆ ಅಜ್ಜಿಯ ಸುಣ್ಣದ ಡಬ್ಬಿಯಿಂದ ಬೆರಳಲ್ಲಿ ಒಂದಿಷ್ಟು ಸುಣ್ಣ ತೆಗೆದುಕೊಂಡು, ಒಂದೊಂದು ಗಡಿಗೆಗೂ ಬೆವರು ನಿಂತ ಕಡೆ ಅಡ್ಡ ಗೆರೆ ಎಳೆಯುತ್ತಿದ್ದ. ಬೆಳಿಗ್ಗೆ ಬೆವರು ಗೆರೆಗಿಂತ ಕೆಳಗಿಳಿದಿದ್ದರೆ ಯಾರೋ ಲೆಕ್ಕ ಮೀರಿ ಕುಡಿದಿದ್ದಾರೆ ಎಂದು ಅರ್ಥ. ಆಗ ಮನೆಮಂದಿಯೆಲ್ಲ ನಡುಮನೆಯಲ್ಲಿ ನಿಂತು ಉತ್ತರ ಕೊಡಬೇಕಿತ್ತು, ಅಜ್ಜಿಯೂ ಸೇರಿ.

ಅಪ್ಪ ಜಿಪುಣನಾಗಿರಲಿಲ್ಲ. ಬಂದವರಿಗೆ ಉಂಡು ಹೋಗಿ ಎನ್ನುತ್ತಿದ್ದ, ಮರಿ ಕೊಯ್ದ ದಿನ ಬೀದಿಯವರಿಗೆಲ್ಲ ಪಾಲು ಕಳಿಸುತ್ತಿದ್ದ. ಆದರೆ ನಂಬುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಕುರಿ ಕಾಯುವವನ ಹುಟ್ಟುಗುಣ ಇದು ಎಂದು ಅಜ್ಜಿ ಹೇಳುತ್ತಿದ್ದಳು. ನೂರಿಪ್ಪತ್ತು ಕುರಿಗಳನ್ನು ಬೆಳಿಗ್ಗೆ ರೊಪ್ಪದಿಂದ ಬಿಡುವಾಗ ಒಮ್ಮೆ, ಸಂಜೆ ಕೂಡುವಾಗ ಒಮ್ಮೆ, ಮುಳ್ಳುಬೇಲಿಯ ಸಂದಿಯಲ್ಲಿ ನಿಂತು ಬೆನ್ನು ಮುಟ್ಟಿ ಎಣಿಸುತ್ತಿದ್ದ. ಎಣಿಕೆ ಸರಿ ಬಂದರೂ ಮುಖ ಸಡಿಲಾಗುತ್ತಿರಲಿಲ್ಲ. ತೋಳ ಒಂದು ಒಯ್ದು, ಯಾರದೋ ಕುರಿ ಒಂದು ಸೇರಿಕೊಂಡಿರಬಹುದಲ್ಲ ಎಂದು ಕಿವಿಯ ಗುರುತು ನೋಡಲು ಹೋಗುತ್ತಿದ್ದ. ಹನ್ನೊಂದನೆಯ ವಯಸ್ಸಿಗೆ ಗಡಿಗೆಗಳ ಕಾವಲು ನನ್ನದಾಯಿತು. ಎದ್ದ ಕೂಡಲೆ ಚಿಮಣಿ ದೀಪ ಹಿಡಿದು ಐದೂ ಗೆರೆ ನೋಡಿ ಅಪ್ಪನಿಗೆ ವರದಿ ಒಪ್ಪಿಸಬೇಕು. ಕಂಡದ್ದನ್ನು ಕಂಡಂತೆ ಹೇಳಬೇಕು, ಕೂಡಿಸಬಾರದು, ಕಳೆಯಬಾರದು. ನನಗೆ ಅದೊಂದು ಹೆಮ್ಮೆ. ಮುಂದೆ ಇಡೀ ಕೆಲಸದ ಬದುಕನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ಕಳೆದೆ. ಸಲೈನ್ ಬಾಟಲಿಗೆ ಪಟ್ಟಿ ಅಂಟಿಸಿ ಗಂಟೆಗೊಂದು ಗೆರೆ ಎಳೆಯುವುದನ್ನು ನಮಗೆ ಕಲಿಸಿದ ದಿನ ಉಳಿದ ಹುಡುಗಿಯರು ತಡವರಿಸಿದರು, ನನಗೆ ಅದು ಹಳೆಯ ಕೆಲಸ.

ಆ ಬೇಸಿಗೆಯಲ್ಲೇ ಕ್ಯಾತಮಾವ ವಾಪಸು ಬಂದ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಎಂಟು ವರ್ಷದ ಹಿಂದೆ ಐಮಂಗಲದ ಹತ್ತಿರ ಹೆದ್ದಾರಿಯಲ್ಲಿ ಲಾರಿ ಹತ್ತಿದವನು ಬೊಂಬಾಯಿಯಿಂದ ಎರಡು ಕಾಗದ ಬರೆದು ಆಮೇಲೆ ಸುದ್ದಿಯಿಲ್ಲದೆ ಹೋಗಿದ್ದ. ಗೌರಕ್ಕ ತೊಟ್ಟಿಲಲ್ಲಿದ್ದಾಗಲೇ ಅವಳು ಸೋದರಮಾವನಿಗೆ ಎಂದು ಮಾತಾಗಿತ್ತು. ನಮ್ಮಲ್ಲಿ ಅದು ಹೊಸದಲ್ಲ. ಅಕ್ಕನಿಗೆ ಹತ್ತೊಂಬತ್ತು ತುಂಬಿದರೂ ಆ ಮಾತು ಹಾಗೇ ನಿಂತಿತ್ತು. ಕಾದು ಕಾದು ಅಪ್ಪ ಬೇರೆ ಕಡೆ ನೋಡತೊಡಗಿದ. ಭರಮಸಾಗರದಿಂದ ಒಂದು ಮನೆಯವರು ಕೇಳಿದ್ದರು. ಮನೆ ಕೆರೆಯ ಪಕ್ಕದಲ್ಲೇ, ವರ್ಷವಿಡೀ ನೀರು ಎಂದು ಬಂದವರು ಎರಡು ಸಲ ಹೇಳಿದರು. ಉಗಾದಿ ಕಳೆದ ಮೊದಲ ಸೋಮವಾರ ಉತ್ತರ ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಉಗಾದಿಗೆ ಹದಿನೈದು ದಿನ ಇರುವಾಗ ಮಾವ ಒಂದು ಕ್ಯಾನ್‌ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಹಿರಿಯೂರಿನ ಬಸ್ಸಿಳಿದು ನಡೆದು ಬಂದ. ಕಪ್ಪಗೆ, ಸೊರಗಿ, ತುಟಿಯ ಮೇಲೆ ಬಿಳಿ ಕಲೆಗಳು. ಅವ್ವ ಕೊಟ್ಟ ಚೊಂಬಿನ ನೀರನ್ನು ಗಟಗಟ ಕುಡಿಯಲಿಲ್ಲ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಅತ್ತಿತ್ತ ಆಡಿಸಿ, ತುಂಬ ಹೊತ್ತಾದ ಮೇಲೆ ನುಂಗಿದ. ಅಪ್ಪ ಅದನ್ನು ನೋಡಿದ. ನಾನೂ ನೋಡಿದೆ.

ಹಡಗಿನಲ್ಲಿ ಕೆಲಸಕ್ಕಿದ್ದೆ ಎಂದ. ಮಸ್ಕತ್ತಿನ ಕಡೆಗೆ ಹೊರಟ ಸರಕಿನ ಹಡಗಿಗೆ ಬೆಂಕಿ ಬಿದ್ದು ಮುಳುಗಿತು, ಸಣ್ಣ ದೋಣಿಯಲ್ಲಿ ಹದಿನೆಂಟು ದಿನ ತೇಲಿದೆವು, ಇನ್ನೊಂದು ಹಡಗಿನವರು ಎತ್ತಿಕೊಂಡರು ಎಂದ. ನಮ್ಮ ಮನೆಯಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ. ನಾನು ಕಂಡ ದೊಡ್ಡ ನೀರೆಂದರೆ ಭರಮಸಾಗರದ ಕೆರೆ, ಅದೂ ಒಮ್ಮೆ, ಬಸ್ಸಿನ ಕಿಟಕಿಯಿಂದ. ಎರಡು ದಿನ ಬಿಟ್ಟು, ಪಡಸಾಲೆಯಲ್ಲಿ ಮುದ್ದೆ, ಹುರುಳಿಸಾರು, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಅಪ್ಪ ವಿಚಾರಣೆ ಶುರುಮಾಡಿದ. ಊಟದ ಹೊತ್ತಲ್ಲೇ ಕೇಳುವುದು ಅಪ್ಪನ ಪದ್ಧತಿ. ಬಾಯಲ್ಲಿ ತುತ್ತಿದ್ದಾಗ ಸುಳ್ಳು ಕಟ್ಟಲು ಹೊತ್ತು ಸಿಗುವುದಿಲ್ಲ ಎಂದು ಅವನ ನಂಬಿಕೆ.

“ಕಾಗದಪತ್ರ ಏನಾರ ಐತಾ, ಹಡಗಿನೋರು ಕೊಟ್ಟಿದ್ದು?”

“ಎಲ್ಲಾ ನೀರುಪಾಲಾತು ಭಾವ.”

“ಅನುಕೂಲ ಆತು ಬಿಡು.” ಅಪ್ಪ ಮುದ್ದೆ ಮುರಿದ. “ದೋಣ್ಯಾಗೆ ಎಷ್ಟು ಜನ ಇದ್ರಿ?”

“ನಾಕು.”

“ಮೊನ್ನೆ ಐದು ಅಂದೆ.”

“ಒಂಬತ್ತನೇ ದಿನದ ತನಕ ಐದು,” ಎಂದ ಮಾವ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಾತ್ರ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಎಣಿಕೆ ತಪ್ಪಿದ್ದನ್ನು ನೆನಪಿಟ್ಟುಕೋ ಎಂದು ಅದರ ಅರ್ಥ. ನಾನು ನೆನಪಿಟ್ಟುಕೊಂಡೆ.

ಆಮೇಲಿನ ದಿನಗಳಲ್ಲಿ ಊಟಕ್ಕೊಂದರಂತೆ ಕಥೆಗಳು ಬಂದವು. ಎಲ್ಲವೂ ನೀರಿನವೇ. ಮಳೆ ಬಂದಾಗ ಹಾಯಿಯ ಬಟ್ಟೆ ಹರವಿ ಹಿಡಿಯಬೇಕು, ಆದರೆ ಮೊದಲ ನೀರನ್ನು ಚೆಲ್ಲಬೇಕು, ಬಟ್ಟೆಗೆ ಹತ್ತಿದ ಉಪ್ಪು ಬಿಡಬೇಕಲ್ಲ. ಬೆಳಗಿನ ಜಾವ ದೋಣಿಯ ಅಂಚಿನಲ್ಲಿ ಕೂತ ಇಬ್ಬನಿಯನ್ನು ಬನಿಯನ್ನಿನಲ್ಲಿ ಒರೆಸಿ ಬಾಯಿಗೆ ಹಿಂಡಿಕೊಳ್ಳಬೇಕು. ಹಗಲು ಅಂಗಿಯನ್ನು ಸಮುದ್ರದಲ್ಲಿ ಅದ್ದಿ ತೊಟ್ಟುಕೊಂಡರೆ ಮೈ ಬೆವರು ಕಳೆದುಕೊಳ್ಳುವುದಿಲ್ಲ. ದೊಡ್ಡ ಮೀನು ಸಿಕ್ಕರೆ ಕಣ್ಣುಗುಡ್ಡೆ ಹೀರಬೇಕು, ಬೆನ್ನುಮೂಳೆಯ ಗಂಟುಗಳ ನಡುವೆ ಚಮಚದಷ್ಟು ರಸ ಇರುತ್ತದೆ. ಆಮೆ ಸಿಕ್ಕರೆ ಹಬ್ಬ, ಅದರ ರಕ್ತ ಹೆಪ್ಪುಗಟ್ಟುವುದರೊಳಗೆ ಕುಡಿಯಬೇಕು. ಬೇರೆ ಮನೆಯಾಗಿದ್ದರೆ ಊಟ ಬಿಟ್ಟು ಏಳುತ್ತಿದ್ದರೇನೋ. ನಮ್ಮದು ಕುರಿಯವರ ಮನೆ. ಅಜ್ಜಿ ಸುಮ್ಮನೆ ತಲೆ ಅಲ್ಲಾಡಿಸಿದಳು.

“ಕಣ್ಣು ತಿಂದಿದ್ದೇ ದೊಡ್ಡದು ಮಾಡ್ತಾನೆ. ತಲೆಸಾರು ಮಾಡಿದ್ರೆ ಕಣ್ಣು ನನಿಗೇ ಬೇಕು. ನನ್ನ ಯಾವ ಹಡಗಿನೋರು ಎತ್ತಿಕಂಡು ಹೋಗ್ಯಾರೆ?”

“ನಿನ್ನ ಎತ್ತಾಕೆ ದೊಡ್ಡ ಹಡಗೇ ಬೇಕು ಬಿಡಜ್ಜಿ,” ಎಂದ ಮಾವ. ಗೌರಕ್ಕ ಅಡುಗೆಮನೆಯಲ್ಲಿ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಅಪ್ಪ ನಗಲಿಲ್ಲ.

ಅಪ್ಪನಿಗೆ ನುಂಗಲಾಗದೆ ಉಳಿದಿದ್ದು ಒಂದೇ ಸಂಗತಿ. ಸುತ್ತ ಅಷ್ಟು ನೀರಿದ್ದೂ ಮನುಷ್ಯ ಬಾಯಾರಿ ಸಾಯುತ್ತಾನೆ ಎಂಬುದು. ಉಪ್ಪುನೀರು ಎಂದರೆ ನಮಗೆ ಗೊತ್ತಿಲ್ಲದ್ದಲ್ಲವಲ್ಲ. ಕುರಿಗಳಿಗೆ ನಾವೇ ಉಪ್ಪು ನೆಕ್ಕಿಸುತ್ತಿದ್ದೆವು, ನೆಕ್ಕಿದ ಕುರಿ ಚೆನ್ನಾಗಿ ನೀರು ಕುಡಿದು ಗಟ್ಟಿಯಾಗುತ್ತಿತ್ತು. ಸಿಹಿನೀರ ಬಾವಿ ತಳ ಕಂಡ ವರ್ಷ ಇಡೀ ಊರು ಸವಳು ನೀರನ್ನೇ ಕುಡಿದು ಬದುಕಿತ್ತು. ಹಾಗಾಗಿ ಸಮುದ್ರದ ನೀರೂ ಹಿತ್ತಲ ಬಾವಿಯ ನೀರಿಗಿಂತ ಒಂದು ಕೈ ಜಾಸ್ತಿ ಉಪ್ಪು, ಅಷ್ಟೇ ಎಂದು ಅಪ್ಪನ ತೀರ್ಮಾನ. ನಮ್ಮೂರಿನ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು.

“ನಾವು ಕುಡುದು ಸತ್ತೀವೇನು? ನೀನು ನಮ್ಮೂರಾಗೆ ಹುಟ್ಟಿದೋನು. ಸವಳು ನೀರು ನಿಂಗೆ ಹೊಸದಾ?”

ಮಾವ ಎದ್ದು ಹೋಗಿ ಒಂದು ಚೊಂಬು ಸವಳು ನೀರು ತಂದ. ಅದಕ್ಕೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕರಗುವ ತನಕ ಕಲಕಿದ. ನಾಲಗೆಗೆ ಒಂದು ಹನಿ ಮುಟ್ಟಿಸಿಕೊಂಡು ಇನ್ನೊಂದು ಚಿಟಿಕೆ ಹಾಕಿದ. ಅಪ್ಪನ ಮುಂದಿಟ್ಟ.

“ಇದು ಸಮುದ್ರ. ರುಚಿ ನೋಡ್ರಿ.”

ಅಪ್ಪ ರುಚಿ ನೋಡಲಿಲ್ಲ, ಕುಡಿದ. ಒಂದು, ಎರಡು, ಮೂರು ದೊಡ್ಡ ಗುಟುಕು. ಮುಖ ಒಂದಿಷ್ಟೂ ಕಿವಿಚಲಿಲ್ಲ. ಮೀಸೆ ಒರೆಸಿಕೊಂಡು, “ನಮ್ಮ ಬಾವಿಗಿಂತ ಸ್ವಲ್ಪ ಜೋರೈತೆ, ಅಷ್ಟೇ,” ಎಂದು ಕೋಲು ಹಿಡಿದು ಕುರಿಗಳ ಕಡೆ ಹೊರಟ. ಸಂಜೆ ಗಡಿಗೆ ನೋಡಲು ಹೋದರೆ ಎರಡನೆಯ ಗಡಿಗೆಯ ಬೆವರು ಎಂದಿನ ಸಂಜೆಗಿಂತ ಮೂರು ಬೆರಳು ಕೆಳಗಿತ್ತು. ಮಧ್ಯಾಹ್ನ ಅಪ್ಪ ಒಬ್ಬನೇ ಒಳಗೆ ಬಂದು ಹೋಗಿದ್ದನ್ನು ನಾನು ಕಂಡಿದ್ದೆ. ಕಂಡದ್ದನ್ನು ಕಂಡಂತೆ ಹೇಳಬೇಕೆಂಬುದು ಕಟ್ಟಳೆ. ಹೇಳಿದೆ.

“ಗೊತ್ತೈತೆ, ಹೋಗು,” ಎಂದ ಅಪ್ಪ.

ಇಷ್ಟಾದರೂ ಮಾವನ ಮಾತಿಗೆ ಮನೆಯಲ್ಲಿ ಒಂದಿಷ್ಟು ಕಿವಿ ಇತ್ತು. ಅದನ್ನು ಕೆಡಿಸಿದ್ದು ಅವನೇ. ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಒಳ್ಳೆಯ ನೀರು ಮುಗಿದ ಹನ್ನೆರಡನೆಯ ದಿನದ ನಂತರ ಹೇಗೆ ಬದುಕಿದಿರಿ ಎಂದು ಅವ್ವ ಕೇಳಿದಳು. ದೋಣಿಯ ತಳದಲ್ಲಿ ನಿಂತ ಮಳೆನೀರು ಉಳಿದಿತ್ತು, ಆದರೆ ಅದಕ್ಕೆ ಮೀನಿನ ರಕ್ತ, ಆಮೆಯ ಕೊಬ್ಬು ಬಿದ್ದು ಕೊಳೆತು ನಾರುತ್ತಿತ್ತು. ಉಪ್ಪಿರಲಿಲ್ಲ, ಆದರೆ ಬಾಯಿಗಿಟ್ಟರೆ ವಾಂತಿ. ವಾಂತಿಯಾದರೆ ಒಳಗಿದ್ದ ನೀರೂ ಹೋಗುತ್ತದೆ. ಆಗ ದೋಣಿಯಲ್ಲಿದ್ದ ಮುದುಕ, ಹಡಗಿನ ಆಳುಗಳ ಮೇಲ್ವಿಚಾರಕ, ಅವರ ಮಾತಲ್ಲಿ ‘ಸಾರಂಗ’, ಒಂದು ರಬ್ಬರ್ ಕೊಳವೆ ಕತ್ತರಿಸಿದನಂತೆ.

“ಬಾಯಿ ಒಲ್ಲೆ ಅಂದ್ರೆ ಹೊಟ್ಟಿಗೆ ಇನ್ನೊಂದು ಬಾಗಿಲೈತೆ ಅಂದ. ಹಿಂದಿನಿಂದ ಬಿಟ್ಟ ನೀರು ವಾಂತಿ ಆಗಲ್ಲ, ಕರುಳು ನಿಧಾನಕ್ಕೆ ಎಳ್ಕಂತೈತೆ. ದಿನಕ್ಕೆ ಎರಡು ಸಲ, ಒಬ್ಬರಿಗೊಬ್ಬರು ಮಾಡಿಕಂಡ್ವಿ. ಆದ್ರೆ ಸಮುದ್ರದ ನೀರು ಬಿಡಬಾರದು. ಉಪ್ಪುನೀರು ಯಾವ ಬಾಗಿಲಿಂದ ಹೋದ್ರೂ ಸಾವೇ.”

ಅಜ್ಜಿಗೆ ನಗು ಬಂತು. ಮಜ್ಜಿಗೆ ನೆತ್ತಿಗೇರುವಷ್ಟು, ಅವ್ವ ಬೆನ್ನು ತಟ್ಟಬೇಕಾಗುವಷ್ಟು ನಗು. ಅಪ್ಪ ಅರ್ಧ ಊಟದಲ್ಲಿ ಕೈ ತೊಳೆದ. ಅವನು ಅರ್ಧಕ್ಕೆ ಎದ್ದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಹೆಣ್ಣುಮಕ್ಕಳ ಮುಂದೆ ಆಡೋ ಮಾತೇನೋ ಇದು? ಸುಳ್ಳು ಹೇಳಾಕೂ ಒಂದು ಮರ್ಯಾದೆ ಬ್ಯಾಡ್ವಾ?”

“ಸುಳ್ಳು ಹೇಳಂಗಿದ್ರೆ ಮರ್ಯಾದೆ ಇರೋದೇ ಹೇಳ್ತಿದ್ದೆ ಭಾವ,” ಎಂದ ಮಾವ.

ನಾನು ಆಗ ಅಪ್ಪನ ಕಡೆಗಿದ್ದೆ. ನಾಚಿಕೆಯಿಂದ ನನಗೆ ಕಿವಿ ಬಿಸಿಯಾಗಿತ್ತು. ವರ್ಷಗಳು ಕಳೆದು ನರ್ಸಿಂಗ್ ಕಲಿಯುವಾಗ, ಬಾಯಿಂದ ನೀರು ನಿಲ್ಲದ ರೋಗಿಗೆ ಹಿಂದೆಲ್ಲ ಹೀಗೂ ಹನಿಹನಿಯಾಗಿ ನೀರು ಕೊಡುತ್ತಿದ್ದರು ಎಂದು ನಮ್ಮ ಹಿರಿಯ ಸಿಸ್ಟರ್ ಒಬ್ಬರು ಹೇಳಿದಾಗ ನನ್ನ ಪೆನ್ನು ನಿಂತಿತು. ಆದರೂ ಅದೊಂದರಿಂದ ಮಾವನ ಮಾತು ನಿಜ ಎಂದಾಗುವುದಿಲ್ಲ. ಬೊಂಬಾಯಿಯ ಯಾವುದೋ ಆಸ್ಪತ್ರೆಯಲ್ಲಿ ಕಸ ಗುಡಿಸಿಕೊಂಡಿದ್ದವನೂ ಅದನ್ನು ಕಂಡಿರಬಹುದು. ಹೀಗೆ ಯೋಚಿಸುವ ಅಭ್ಯಾಸ ನನಗೆ ಬಂದದ್ದು ಆ ಪಡಸಾಲೆಯಲ್ಲೇ, ಇವತ್ತಿಗೂ ಹೋಗಿಲ್ಲ.

ಇಷ್ಟರಲ್ಲಿ ಗಡಿಗೆಗಳ ವಿಷಯ ಬೆಳೆದಿತ್ತು. ಮಾವ ಬಂದ ಮೂರನೆಯ ದಿನದಿಂದ ಬೆಳಗಾದರೆ ಕೊನೆಯ ಗಡಿಗೆಯ ಬೆವರು ಗೆರೆಗಿಂತ ಕೆಳಗಿರುತ್ತಿತ್ತು. ಹೆಚ್ಚಲ್ಲ, ಒಂದು ಬೆರಳು. ಸತತವಾಗಿ ಏಳು ದಿನ ಇಳಿಯಿತು, ನಡುಮನೆಯಲ್ಲಿ ನಿಲ್ಲಿಸಿ ಕೇಳಿದರೂ ಯಾರೂ ಒಪ್ಪಿಕೊಳ್ಳಲಿಲ್ಲ. ಎಂಟನೆಯ ದಿನ ಇಳಿಯಲಿಲ್ಲ. ಕದಿಯುವುದಕ್ಕಿಂತ ಕದಿಯುವುದನ್ನು ನಿಲ್ಲಿಸಿದ್ದೇ ಅಪ್ಪನಿಗೆ ಹೆಚ್ಚು ಅನುಮಾನ ತಂದಿತು. ಕಳ್ಳ ಎಚ್ಚೆತ್ತಿದ್ದಾನೆ ಎಂದ. ಅದರ ಜೊತೆಗೆ ಧರ್ಮಪುರದ ಸಂತೆಗೆ ಹೋಗಿ ಬಂದ ಒಬ್ಬರು, ನಿಮ್ಮ ಬಾಮೈದ ಸಾರಾಯಿ ಅಂಗಡಿಯ ಹಿಂದೆ ಓಡಾಡುತ್ತಿದ್ದ ಎಂದು ಅಪ್ಪನ ಕಿವಿಗೆ ಹಾಕಿದರು. ಮಾವ ಬೆಳಿಗ್ಗೆ ಎದ್ದು ಹೆಂಗಸರ ಜೊತೆ ಸಿಹಿನೀರಿಗೆ ಹೋಗುತ್ತಿದ್ದುದೂ ಅಪ್ಪನಿಗೆ ಸರಿಬರುತ್ತಿರಲಿಲ್ಲ. ನಮ್ಮೂರಲ್ಲಿ ಗಂಡಸರು ತಲೆಯ ಮೇಲೆ ಕೊಡ ಹೊರುತ್ತಿರಲಿಲ್ಲ. ಮಾವ ಎರಡು ಹೊರುತ್ತಿದ್ದ, ಒಂದು ಹನಿ ತುಳುಕಿಸುತ್ತಿರಲಿಲ್ಲ. ಗೌರಕ್ಕ ಅವನ ಹಿಂದೆ ಖಾಲಿ ಕೈಯಲ್ಲಿ ನಡೆದು ಬರುವಾಗ ಅವಳ ಮುಖ ಹೇಗಿರುತ್ತಿತ್ತೆಂದು ನನಗೆ ಇನ್ನೂ ನೆನಪಿದೆ. ಅಷ್ಟು ವರ್ಷ ನೀರು ಹೊತ್ತವಳು ಮೊದಲ ಸಲ ಕುತ್ತಿಗೆ ತಿರುಗಿಸಿ ಹೊಲಗಳನ್ನು ನೋಡುತ್ತಿದ್ದಳು.

“ಮಾವನ ಮ್ಯಾಲೆ ಒಂದು ಕಣ್ಣಿಡು,” ಎಂದ ಅಪ್ಪ ನನಗೆ. “ಸೋಮವಾರದೊಳಗೆ ನಂಗೆ ಗೊತ್ತಾಗಬೇಕು. ಕುಡುಕನಿಗೆ ಮಗಳನ್ನ ಕೊಡಾಕಾಗಲ್ಲ.”

ಕಣ್ಣಿಟ್ಟೆ. ಉಗಾದಿಯ ಮಾರನೆಯ ದಿನ ಬೆಳಿಗ್ಗೆ ಕುರಿರೊಪ್ಪದ ಪಕ್ಕದ ಹುಲ್ಲಿನ ಬಣವೆಯ ಹಿಂದೆ ಮಾವ ಬಗ್ಗಿ ಏನನ್ನೋ ಮುಟ್ಟಿ ನೋಡಿ ಹೋಗಿದ್ದನ್ನು ಕಂಡೆ. ಅವನು ಹೋದ ಮೇಲೆ ಕೈಹಾಕಿದೆ. ಗಾಜು. ಒಂದು ಬ್ರಾಂದಿ ಬಾಟಲಿ, ಬಿರಡೆ ಹಾಕಿ ಬಟ್ಟೆ ಸುತ್ತಿದ್ದು, ತುಂಬಿದ್ದು. ಆಮೇಲೆ ನಾನು ಕ್ರಮವಾಗಿ ಹುಡುಕಿದೆ, ಹಿತ್ತಿಲಿನಿಂದ ಶುರುಮಾಡಿ ಪಡಸಾಲೆಯವರೆಗೆ. ಅಟ್ಟದ ಮೇಲೆ ನೇಗಿಲಿನ ಹಿಂದೆ ಎರಡು. ಕಣಜದ ಸಂದಿಯಲ್ಲಿ ಒಂದು. ಮಾಳಿಗೆಯ ಮೇಲೆ, ಮಳೆನೀರು ಹೊರಬೀಳುವ ತಗಡಿನ ದೋಣಿಯ ಕೆಳಗೆ ಒಂದು. ಮಾವ ಮಲಗುತ್ತಿದ್ದ ಜಾಗದಲ್ಲಿ, ಕಂಬಳಿಗಳ ಗಂಟಿನೊಳಗೆ ಎರಡು. ಒಟ್ಟು ಏಳು. ಯಾವುದನ್ನೂ ತೆರೆಯಲಿಲ್ಲ. ನೋಡಿ ಹೇಳುವುದು ನನ್ನ ಕೆಲಸ, ತೆರೆಯುವುದಲ್ಲ. ಅಡುಗೆಮನೆಯ ಬಾಗಿಲಲ್ಲಿ ಗೌರಕ್ಕ ನನ್ನ ಕೈ ಹಿಡಿದಳು. ನನ್ನ ಕೂದಲಲ್ಲಿದ್ದ ಹುಲ್ಲಿನ ಎಸಳು ತೆಗೆದಳು.

“ಏನೇ ಹುಡುಕ್ತಿದ್ದೆ ಬೆಳಿಗ್ಗೆಯಿಂದ?”

“ಏನಿಲ್ಲ.”

“ಕಂಡಿದ್ದೆಲ್ಲ ಅಪ್ಪಗೆ ಹೇಳಲೇಬೇಕೇನೇ ನೀನು?”

“ಕಂಡಿದ್ದು ಕಂಡಂಗೆ ಹೇಳಬೇಕು ಅಂತ ಅಪ್ಪನೇ ಹೇಳೈತೆ.”

“ಸರಿ ಹೋಗು,” ಎಂದು ಕೈಬಿಟ್ಟಳು. “ನನಿಗೂ ಒಂದು ಗೆರೆ ಎಳೆದುಬಿಡ್ರಿ ಇಬ್ಬರೂ ಸೇರಿಕಂಡು.”

ನಾನು ಹೋಗಿ ಹೇಳಿದೆ.

ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಅಪ್ಪ ಏಳೂ ಬಾಟಲಿಗಳನ್ನು ತಂದು ಅಂಗಳದಲ್ಲಿ ಸಾಲಾಗಿ ಇಟ್ಟ. ಬಿಸಿಲು ಗಾಜಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಬಿಸಿಲಿಗೆ ಒಳಗಿದ್ದದ್ದು ಕೆಂಪಾಗಿ ಕಾಣಲಿಲ್ಲ, ಆದರೆ ಸಾರಾಯಿಯೂ ಬೆಳ್ಳಗೇ ಇರುತ್ತದೆ. ಅವ್ವ, ಅಜ್ಜಿ, ಗೌರಕ್ಕ ಜಗಲಿಕಟ್ಟೆಯ ಮೇಲೆ ನಿಂತರು. ಮಾವ ಹಿತ್ತಲಿನಿಂದ ಕೈ ಒರೆಸಿಕೊಂಡು ಬಂದವನು ಬಾಟಲಿ ಕಂಡು ನಿಂತ. ಅವನ ಮುಖದಲ್ಲಿ ಇಷ್ಟು ದಿನ ಇದ್ದ ನಗು ಆರಿತು. ಸಿಕ್ಕಿಬಿದ್ದ ಎಂದುಕೊಂಡೆ. ಅಪ್ಪನೂ ಹಾಗೇ ಅಂದುಕೊಂಡಿರಬೇಕು, ದನಿ ಎತ್ತಲೂ ಇಲ್ಲ.

“ಏನಪ್ಪ ಇದು?”

“ನೀರು ಭಾವ.”

“ಬ್ರಾಂದಿ ಬಾಟಲ್ಯಾಗೆ?”

“ಅಂಗಡಿ ಹಿಂದೆ ಬಿದ್ದಿದ್ವು. ತೊಳಕಂಡು ಬಂದೆ.”

ಅಪ್ಪ ಮೊದಲ ಬಾಟಲಿಯ ಬಿರಡೆ ತೆಗೆದು ಮೂಸಿದ. ಮತ್ತೆ ಮೂಸಿದ. ನಂಬಿಕೆ ಬರದೆ ಅಂಗೈಗೆ ಸುರಿದುಕೊಂಡು ನೆಕ್ಕಿದ. ಆಮೇಲೆ ಉಳಿದದ್ದನ್ನೆಲ್ಲ ನೆಲಕ್ಕೆ ಬಗ್ಗಿಸಿದ. ಕಾದ ಮಣ್ಣು ಚುರ್ ಎಂದು ಹೀರಿತು. ಎರಡನೆಯದನ್ನು ತೆಗೆದುಕೊಂಡ. ಒಂದರಲ್ಲಿ ನೀರಿದ್ದರೆ ಏಳರಲ್ಲೂ ಇರಬೇಕೆಂದಿಲ್ಲವಲ್ಲ. ಮೂಸಿದ, ಸುರಿದ. ಅಷ್ಟು ಹೊತ್ತಿಗೆ ಮಾವ ಮಂಡಿಯೂರಿದ್ದ. ಹಡಗು ಸುಟ್ಟ ಕಥೆಯನ್ನು ನಗುತ್ತ ಹೇಳಿದ ಮನುಷ್ಯ, ಸುಳ್ಳುಗಾರ ಎಂದರೆ ಮರುಮಾತಿಗೆ ತಮಾಷೆ ಮಾಡಿದ ಮನುಷ್ಯ.

“ಸುರೀಬ್ಯಾಡ್ರಿ ಭಾವ. ನಾನು ಹೋಗ್ತೀನಿ, ಇವತ್ತೇ ಹೋಗ್ತೀನಿ. ಮದುವೆ ಬ್ಯಾಡ ಅನ್ರಿ, ಬ್ಯಾಡ. ನೀರು ಸುರೀಬ್ಯಾಡ್ರಿ.”

ಅಪ್ಪ ಮೂರನೆಯದನ್ನು ಬಗ್ಗಿಸಿದ. ಮಾವ ಎರಡೂ ಕೈ ಚಾಚಿ ಧಾರೆಯ ಕೆಳಗೆ ಹಿಡಿದ. ಬೊಗಸೆ ತುಂಬಿ ಬೆರಳ ಸಂದಿಯಿಂದ ಸೋರಿತು. ಸೋರಿದ್ದನ್ನು ಹಿಡಿಯಲು ನೆಲಕ್ಕೆ ಬಾಗಿದ, ಬೊಗಸೆಯಲ್ಲಿದ್ದದ್ದೂ ಚೆಲ್ಲಿತು. ಒದ್ದೆ ಮಣ್ಣನ್ನು ಒಟ್ಟುಗೂಡಿಸಿ ಅಂಗಿಯ ತುದಿಗೆ ಕಟ್ಟಿ ಹಿಂಡತೊಡಗಿದ. ಯಾರೋ ಕಲಿಸಿದ ಕೆಲಸದಂತೆ, ಒಂದೇ ಸಮನೆ, ಚುರುಕಾಗಿ. ಬಾಯಿ ಏನೋ ಎಣಿಸುತ್ತಿತ್ತು. ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಿಂಡಿದಾಗ ಬಂದ ಎರಡು ಹನಿ ಕೆಸರನ್ನು ಅವನು ತಾನು ಕುಡಿಯಲಿಲ್ಲ. ಪಕ್ಕಕ್ಕೆ ತಿರುಗಿ, ಅಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ, ಕೈ ಚಾಚಿದ. ಅಲ್ಲಿ ಯಾರೂ ಇರಲಿಲ್ಲ. ಅಂಗಳದ ಕಲ್ಲು ಮಾತ್ರ ಇತ್ತು. ಅಜ್ಜಿ “ಅಯ್ಯೋ ನನ್ನಪ್ಪ” ಎಂದಳು. ಐದು ಹೋಗಿ ನಾಲ್ಕಾದ ಎಣಿಕೆ ನನಗೆ ಆಗ ಸರಿ ಬಂತು.

ಅಪ್ಪನ ಕೈಯಲ್ಲಿ ನಾಲ್ಕನೆಯ ಬಾಟಲಿ ಇತ್ತು. ಅವನು ಸುರಿಯುತ್ತಿರಲಿಲ್ಲ, ಆದರೆ ಇಳಿಸಲು ಮರೆತಿದ್ದ. ಗೌರಕ್ಕ ಕಟ್ಟೆಯಿಳಿದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅಪ್ಪನ ಕೈಯಿಂದ ಒಂದು ವಸ್ತುವನ್ನು ಕೇಳದೆ ತೆಗೆದುಕೊಂಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಿರಡೆ ಭದ್ರಮಾಡಿ ಮಾವನ ತೊಡೆಯ ಮೇಲಿಟ್ಟಳು.

“ಇನ್ನೂ ನಾಕು ಅವೆ,” ಎಂದಳು. “ಎದ್ದೇಳು.”

ಮಾವ ಬಾಟಲಿ ಹಿಡಿದುಕೊಂಡೇ ಮಾತಾಡಿದ. ಕೈಗೆಟಕುವಷ್ಟು ದೂರದಲ್ಲಿ ನೀರಿಲ್ಲದಿದ್ದರೆ ಕಣ್ಣು ಮುಚ್ಚುವುದಿಲ್ಲ, ಮನೆಯ ಯಾವ ಮೂಲೆಯಲ್ಲಿದ್ದರೂ ಹತ್ತು ಹೆಜ್ಜೆಗೊಂದು ಇರಬೇಕು ಎಂದ. ಕೇಳಿ ತೆಗೆದುಕೊಳ್ಳಬಹುದಿತ್ತಲ್ಲ ಎಂದಳು ಅವ್ವ. “ಕೇಳಿದ್ರೆ ನಗ್ತಿದ್ರಿ ಅಕ್ಕ,” ಎಂದ. ಅದು ನಿಜ. ಏಳು ಬಾಟಲಿ, ಏಳು ದಿನ, ದಿನಕ್ಕೆ ಒಂದು ಬೆರಳು. ಎಂಟನೆಯ ದಿನ ಗೆರೆ ಇಳಿಯದಿದ್ದುದು ಕಳ್ಳ ಎಚ್ಚೆತ್ತಿದ್ದರಿಂದ ಅಲ್ಲ. ಅವನಿಗೆ ಬೇಕಾದಷ್ಟು ಆಗಿತ್ತು. ಈ ಲೆಕ್ಕವನ್ನು ನಾನು ಮೊದಲೇ ಮಾಡಬಹುದಿತ್ತು. ಬಿರಡೆ ತೆಗೆದು ಮೂಸಿ ನೋಡಿ ಆಮೇಲೆ ಹೇಳಬಹುದಿತ್ತು.

ಅಂದು ಸಂಜೆ ಅಪ್ಪ ಕುರಿಗಳನ್ನು ಎಣಿಸಿ ಕೂಡಿದ, ಉಂಡ, ಸುಣ್ಣದ ಡಬ್ಬಿ ಹಿಡಿದು ನೀರಿನ ಕೋಣೆಗೆ ಹೋದ. ಚಿಮಣಿ ಹಿಡಿಯಲು ನಾನೂ ಹೋದೆ. ನಾಲ್ಕು ಗಡಿಗೆಗೆ ಗೆರೆ ಎಳೆದ. ಐದನೆಯದನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ಮಾವ ಮಲಗುವ ಜಾಗದ ತಲೆದೆಸೆಗೆ, ಗೋಡೆಗೆ ಒತ್ತಿ ಇಟ್ಟ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇದು ಅವನದು. ಇದಕ್ಕೆ ಗೆರೆ ಬ್ಯಾಡ.”

“ನಾಳೆ ಭರಮಸಾಗರದೋರು ಬರ್ತಾರಲ್ಲ, ಏನು ಹೇಳಾಣ?”

“ಹೆಣ್ಣು ಕೊಟ್ಟಾಗೈತೆ ಅನ್ನು,” ಎಂದ ಅಪ್ಪ.

ಸೋಮವಾರ ಅವರು ಬಂದರು, ಕಾಫಿ ಕುಡಿದು ಹೋದರು. ಮುಂದಿನ ತಿಂಗಳಿಗೆ ಗೌರಕ್ಕನಿಗೂ ಮಾವನಿಗೂ ಮದುವೆ ಎಂದಾಯಿತು. ಮಂಗಳವಾರ ಬೆಳಿಗ್ಗೆ ಪಡಸಾಲೆ ಗುಡಿಸುವಾಗ ನಾನು ಮಾವನ ಗಡಿಗೆಯನ್ನು ಸ್ವಲ್ಪ ಸರಿಸಿದೆ. ಗೋಡೆಯ ಕಡೆಗಿದ್ದ ಮೈಯಲ್ಲಿ, ಬೆವರು ನಿಂತ ಜಾಗದಲ್ಲಿ, ಉಗುರಿನಷ್ಟು ಉದ್ದದ ಸುಣ್ಣದ ಗೆರೆ ಇತ್ತು. ಅದು ಅಪ್ಪನ ಬೆರಳು ಎಂದು ಯಾರೂ ಹೇಳಬೇಕಿರಲಿಲ್ಲ. ಆ ಗೆರೆ ಇರುವಷ್ಟು ದಿನ ಮದುವೆ ಗಟ್ಟಿಯಲ್ಲ ಎಂದು ನನಗೆ ಗೊತ್ತಾಯಿತು. ನೀರು ಒಂದು ಬೆರಳು ಇಳಿದರೆ ಅಪ್ಪ ಮತ್ತೆ ಊಟದ ಹೊತ್ತಲ್ಲಿ ಏನನ್ನೋ ಕೇಳುತ್ತಾನೆ, ಮತ್ತೆ ಯಾವುದೋ ಎಣಿಕೆ ತಪ್ಪುತ್ತದೆ. ಅಡುಗೆಮನೆಯಲ್ಲಿ ಗೌರಕ್ಕ ರಾಗಿ ಬೀಸುತ್ತಿದ್ದ ಸದ್ದು ಬರುತ್ತಿತ್ತು. ನಾನು ಹೆಬ್ಬೆರಳನ್ನು ಒದ್ದೆ ಮಾಡಿಕೊಂಡು ಗೆರೆಯನ್ನು ಒರೆಸಿದೆ.

ಬುಧವಾರ ಅದು ಮತ್ತೆ ಅಲ್ಲೇ ಇತ್ತು. ಮತ್ತೆ ಒರೆಸಿದೆ. ಅಂದು ವರದಿ ಒಪ್ಪಿಸುವಾಗ ನಾಲ್ಕು ಗಡಿಗೆ ಸರಿ ಇವೆ ಎಂದೆ, ಐದನೆಯದರ ಮಾತೆತ್ತಲಿಲ್ಲ. ಅಪ್ಪ ನನ್ನ ಮುಖ ನೋಡಲಿಲ್ಲ. ನನ್ನ ಬಲಗೈಯನ್ನು ನೋಡಿದ. ಹೆಬ್ಬೆರಳಿನ ಗೆರೆಗಳಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು. ಬಚ್ಚಿಟ್ಟುಕೊಳ್ಳಲು ಹೊತ್ತಿತ್ತು, ಆದರೆ ಬಚ್ಚಿಟ್ಟುಕೊಳ್ಳಲಿಲ್ಲ.

“ಎಲ್ಲಾ ನೋಡಿದ್ಯಾ?” ಎಂದ.

“ನೋಡಿದೆ,” ಎಂದೆ.

ಗುರುವಾರ ಬೆಳಿಗ್ಗೆ ಗಡಿಗೆ ಸರಿಸಿ ಚಿಮಣಿ ಹಿಡಿದು ಸುತ್ತಲೂ ನೋಡಿದೆ, ತಳದಿಂದ ಕುತ್ತಿಗೆಯವರೆಗೆ. ಎಲ್ಲೂ ಗೆರೆ ಇರಲಿಲ್ಲ. ನಾನು ಎರಡನೆಯ ಸಲವೂ ನೋಡಿದೆ.